ಸತ್ಯಾಂಶ: ಮಾತ್ರೆಯಿಂದಲೇ ಕ್ಯಾನ್ಸರ್ ಬಲಿಯುತ್ತದೆಯೇ?

‘ಮಾತ್ರೆಯಿಂದಲೇ ಕ್ಯಾನ್ಸರ್ ಬಲಿಯುತ್ತದೆ, ಅದನ್ನು ಬಿಟ್ಟು ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿ ರಸ) ಕುಡಿಯಿರಿ’ ಎಂಬ, ಶ್ವಾಸಕೋಶದ ಕ್ಯಾನ್ಸರ್ ಮಾತ್ರೆ ಕುರಿತ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಶ್ವಾಸಕೋಶದ ಕ್ಯಾನ್ಸರ್ ಇರುವ ಕೆಲವರಲ್ಲಿ ಇಜಿಎಫ್‌ಆರ್ ಎಂಬ ವಂಶವಾಹಿ ರೂಪಾಂತರಗೊಂಡು, ಕೋಶ ವಿಭಜನೆಯ ಸಂಕೇತವನ್ನು ಎಡೆಬಿಡದೆ ಕಳುಹಿಸುತ್ತಿರುತ್ತದೆ. ಜೆಫಿಟಿನಿಬ್ ಮಾತ್ರೆ ಅದನ್ನು ತಡೆಯುತ್ತದೆ. ಹಲವು ತಿಂಗಳ ಬಳಿಕ ಗಡ್ಡೆ ಮತ್ತೆ ಬೆಳೆದರೆ, ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಟಿ790ಎಂ ಎಂಬ ಇನ್ನೊಂದು ರೂಪಾಂತರ ಕಾಣುತ್ತದೆ. ಅದನ್ನು ಹೊತ್ತ ಕೋಶಗಳು ಚಿಕಿತ್ಸೆಗೆ ಮೊದಲೇ ಅಲ್ಪಸಂಖ್ಯೆಯಲ್ಲಿ ಇದ್ದಿರಬಹುದು ಅಥವಾ ಆಮೇಲೆ ಹುಟ್ಟಿರಬಹುದು. ಇವುಗಳ ಮೇಲೆ ಜೆಫಿಟಿನಿಬ್ ಅಷ್ಟಾಗಿ ಕೆಲಸ ಮಾಡದ ಕಾರಣ, ಉಳಿದವು ಸತ್ತಾಗ ಇವು ಹಬ್ಬುತ್ತವೆ. ರೋಗನಿರೋಧಕ ಕಾಫಿ ತಳಿಗೂ ಕಾಲಕ್ರಮೇಣ ಎಲೆತುಕ್ಕು ರೋಗದ ಹೊಸ ಬಗೆ ತಗಲುವುದನ್ನು ಕಂಡ ನಮ್ಮ ಬೆಳೆಗಾರರಿಗೆ ಇದು ಹೊಸತಲ್ಲ.

2015ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಒಸಿಮೆರ್ಟಿನಿಬ್ ಎಂಬ ಇನ್ನೊಂದು ಮಾತ್ರೆ ಈ ಟಿ790ಎಂ ಕೋಶಗಳನ್ನೇ ಗುರಿಯಾಗಿಸುತ್ತದೆ. ಆದ್ದರಿಂದ ಗಡ್ಡೆ ಮರುಕಳಿಸಿದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಟಿ790ಎಂ ಇದೆಯೇ ಎಂದು ತಿಳಿಯುವ ಮರುಪರೀಕ್ಷೆಯ ಬಗ್ಗೆ ವೈದ್ಯರನ್ನು ದಯವಿಟ್ಟು ಕೇಳಿ.