ಹಾಲಿನ ಲೆಕ್ಕ ಬಿಟ್ಟು ಬೀಫ್ ಲೆಕ್ಕ ಹಾಕುವುದು ಹೇಗೆ?

ನಮ್ಮ ಉಡುಪಿ ಕಡೆ ಬೀಫ್ ಅಂತ ಬರೆದರೆ ಸಾಕು, ಕಾಮೆಂಟಿನಲ್ಲಿ ಎರಡು ಪಾರ್ಟಿ ಆಗಿಬಿಡುತ್ತದೆ. ತಿನ್ನಬೇಕಾ ಬೇಡವಾ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ, ದಯವಿಟ್ಟು ನೀವೂ ಬರಬೇಡಿ. ನನ್ನ ವಿಷಯ ಬೇರೆ. ಜಗತ್ತಿನ ಬೀಫ್ ಉದ್ಯಮ ಈಗ ಪರಿಸರದ ಬಗ್ಗೆ ಮಾತಾಡುತ್ತಿದೆ. ಯಾವುದನ್ನು ಮೊದಲು ಸರಿಮಾಡಬೇಕು, ಯಾವುದನ್ನು ಆಮೇಲೆ ಅಂತ ಪಟ್ಟಿ ಮಾಡಿಕೊಂಡಿದೆ. ಹಟ್ಟಿಯಲ್ಲಿ ದನ ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ನನ್ನಂಥವರು ಆ ಪಟ್ಟಿಯನ್ನು ಒಮ್ಮೆ ಓದಬೇಕು. ಯಾಕೆಂದರೆ ಅದರಲ್ಲಿ ನಮ್ಮ ಹಟ್ಟಿಯ ಲೆಕ್ಕವೂ ಸೇರಿಕೊಂಡಿದೆ.

ಅಮೆರಿಕದ ಬೀಫ್ ಉದ್ಯಮದವರು 2015ರಲ್ಲಿ ಕಟ್ಟಿಕೊಂಡ ಒಕ್ಕೂಟ ಆರು ವಿಷಯ ಮುಖ್ಯ ಅನ್ನುತ್ತದೆ. ಗಾಳಿಗೆ ಬಿಡುವ ಅನಿಲ, ಭೂಮಿ, ನೀರು, ಕೆಲಸಗಾರರ ಸುರಕ್ಷತೆ, ದನದ ಆರೋಗ್ಯ, ಇಳುವರಿ. ಓದಲು ಚೆನ್ನಾಗಿದೆ. ಜಾಗತಿಕ ಮಟ್ಟದಲ್ಲಿ ಇಂಥದ್ದೇ ಇನ್ನೊಂದು ಒಕ್ಕೂಟ ಇದೆ. ಅದು 2021ರಲ್ಲಿ ಒಂದು ಗುರಿ ಹಾಕಿಕೊಂಡಿತು: 2030ರೊಳಗೆ ಪ್ರತಿ ಕೆ.ಜಿ. ಬೀಫ್‌ನಿಂದ ಆಗುವ ತಾಪವನ್ನು 30% ಇಳಿಸುವುದು.

ಈ 'ಪ್ರತಿ ಕೆ.ಜಿ.' ಹತ್ತಿರ ಸ್ವಲ್ಪ ನಿಲ್ಲಿ. ಕೆ.ಜಿ.ಗೆ 30% ಇಳಿಯಿತು ಅಂತಲೇ ಇಟ್ಟುಕೊಳ್ಳೋಣ. ಮಾಂಸದ ಒಟ್ಟು ಪ್ರಮಾಣ ಒಂದೂವರೆ ಪಟ್ಟು ಆದರೆ? ಗುಣಿಸಿ ನೋಡಿ, ಮೊದಲಿಗಿಂತ 5% ಜಾಸ್ತಿಯೇ ಆಗುತ್ತದೆ. ಗುರಿ ಮುಟ್ಟಿದ್ದಕ್ಕೆ ಅಲ್ಲಿ ಚಪ್ಪಾಳೆ, ಇಲ್ಲಿ ಸೆಕೆ ಹಾಗೆಯೇ. ಆಕಾಶಕ್ಕೆ ಕೆ.ಜಿ. ಗೊತ್ತಿಲ್ಲ, ಅದಕ್ಕೆ ಒಟ್ಟು ಮಾತ್ರ ಲೆಕ್ಕ.

ದನ ತಿಂದ ಮೇವು ಹೊಟ್ಟೆಯಲ್ಲಿ ಹುದುಗುವಾಗ ಮೀಥೇನ್ ಅನ್ನುವ ಅನಿಲ ಆಗುತ್ತದೆ. ಬಹುಪಾಲು ತೇಗಿನಲ್ಲಿ ಹೊರಗೆ ಬರುತ್ತದೆ (ಹಿಂದಿನಿಂದ ಅಂತ ನಗುವವರು ಸ್ವಲ್ಪ ತಿದ್ದಿಕೊಳ್ಳಿ). ಗಾಳಿಯಲ್ಲಿ ಸುಮಾರು 12 ವರ್ಷ ಉಳಿಯುತ್ತದೆ, ಆದರೆ ಅಷ್ಟರಲ್ಲೇ ವಿಪರೀತ ಕಾವು ಹಿಡಿದಿಡುತ್ತದೆ. ಇದಕ್ಕೆ ಹಿಂಡಿಯಲ್ಲಿ ಬೆರೆಸುವ ಒಂದು ಪುಡಿ ಬಂದಿದೆ, ಬೋವೇರ್ ಅಂತ. ಹಾಲಿನ ದನಗಳಲ್ಲಿ ಮೀಥೇನ್ ಸುಮಾರು 30% ಇಳಿಯುತ್ತದೆ. ಯುರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಒಳ್ಳೆಯದೇ. ಆದರೆ ದಿನಾ ತಿನ್ನಿಸಬೇಕು. ದೊಡ್ಡಿಯಲ್ಲಿ ಕಟ್ಟಿ ಮೇವು ಹಾಕುವ ಕಡೆ ಸರಿ. ವಾರಗಟ್ಟಲೆ ಬಯಲಲ್ಲಿ ಮೇಯುವ ಬ್ರೆಜಿಲ್‌ನ ದನಕ್ಕೆ ಯಾರು ತಿನ್ನಿಸುತ್ತಾರೆ?

ನನ್ನನ್ನು ಕೇಳಿದರೆ ಮೊದಲ ಸ್ಥಾನ ಕಾಡಿಗೆ. ಅಮೆಜಾನ್‌ನಲ್ಲಿ ಕಡಿದ ಕಾಡಿನ ಬಹುಪಾಲು ದನ ಮೇಯುವ ಜಾಗ ಆಗಿದೆ. ಅಲ್ಲಿನ ತೊಂದರೆ ಏನೆಂದರೆ ಕರು ಹುಟ್ಟುವುದು ಒಂದು ಫಾರ್ಮಿನಲ್ಲಿ, ಬೆಳೆಯುವುದು ಇನ್ನೊಂದರಲ್ಲಿ, ಕೊಬ್ಬಿಸಿ ಮಾರುವುದು ಮತ್ತೊಂದರಲ್ಲಿ. ಮಾಂಸದ ಕಂಪನಿ ಪರೀಕ್ಷೆ ಮಾಡುವುದು ಹೆಚ್ಚಾಗಿ ಕೊನೆಯ ಫಾರ್ಮನ್ನು. ಕಾಡು ಕಡಿದವನು ಮೊದಲನೆಯವನು! ಒಂದೊಂದು ದನಕ್ಕೂ ಗುರುತು ಇಲ್ಲದೆ ಇದನ್ನು ಹಿಡಿಯಲು ಆಗುವುದಿಲ್ಲ. ನಮ್ಮೂರಿನಲ್ಲಿ ಒಂದೇ ದನ ಸಾಕುವವರ ಹಟ್ಟಿಗೆ ಹೋಗಿ ನೋಡಿ, ಕಿವಿಯಲ್ಲಿ 12 ಅಂಕಿಯ ಹಳದಿ ಟ್ಯಾಗ್ ಇರುತ್ತದೆ. ಲಸಿಕೆಗೂ ಅದೇ ನಂಬರು, ವಿಮೆಗೂ ಅದೇ ನಂಬರು. ಒಂದು ದನದವರಿಗೆ ಆಗುವುದು ಸಾವಿರಗಟ್ಟಲೆ ದನದವರಿಗೆ ಕಷ್ಟ ಅಂದರೆ ನಂಬುವುದು ಹೇಗೆ?

ಕೆಲಸಗಾರರ ವಿಷಯವೂ ಪಟ್ಟಿಯಲ್ಲಿ ಇದೆ ಅಂದೆನಲ್ಲ. 2023ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಎಂಟು ರಾಜ್ಯಗಳ ಮಾಂಸದ ಕಾರ್ಖಾನೆಗಳಲ್ಲಿ ರಾತ್ರಿ ಯಂತ್ರ ತೊಳೆಯುತ್ತಿದ್ದ 102 ಮಕ್ಕಳನ್ನು ಪತ್ತೆ ಹಚ್ಚಿತು. 13ರಿಂದ 17 ವರ್ಷದ ಮಕ್ಕಳು. ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ಈಗ ನಮ್ಮ ಹಟ್ಟಿಗೆ ಬರೋಣ. 'ನಾವು ಹಾಲು ಮಾತ್ರ, ಬೀಫ್ ನಮಗೆ ಸಂಬಂಧ ಇಲ್ಲ' ಅಂತ ಹೇಳುವವರು ಜಾಸ್ತಿ. 2018ರಲ್ಲಿ 119 ದೇಶಗಳ ಸುಮಾರು 38,700 ಫಾರ್ಮುಗಳ ಮಾಹಿತಿ ಸೇರಿಸಿ ಒಂದು ದೊಡ್ಡ ಅಧ್ಯಯನ ಬಂತು. ಮಾಂಸಕ್ಕೆಂದೇ ಸಾಕಿದ ದನದ ಒಂದು ಕೆ.ಜಿ. ಬೀಫ್‌ಗೆ ಸರಾಸರಿ ನೂರು ಕೆ.ಜಿ. ಹತ್ತಿರ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲದ ಲೆಕ್ಕ ಬರುತ್ತದೆ. ಹಾಲಿನ ಹಿಂಡಿನಿಂದ ಬಂದ ಬೀಫ್‌ಗೆ ಸುಮಾರು 33. ಯಾಕೆ ಇಷ್ಟು ಕಡಿಮೆ? ಆ ದನ ಬಿಟ್ಟ ಅನಿಲದ ದೊಡ್ಡ ಪಾಲನ್ನು ಹಾಲಿನ ಖಾತೆಗೆ ಬರೆದಿದ್ದಾರೆ. ಅಂದರೆ ನಾನು ಸೊಸೈಟಿಗೆ ಅಳೆದು ಕೊಡುವ ಹಾಲಿನ ಖಾತೆಗೆ. ಭಾರತದಿಂದ ದನದ ಮಾಂಸ ರಫ್ತು ಮಾಡುವಂತಿಲ್ಲ, ಹೋಗುವುದು ಎಮ್ಮೆ, ಕೋಣದ ಮಾಂಸ. ಆದರೂ ಜಗತ್ತಿನ ದೊಡ್ಡ ರಫ್ತುದಾರರಲ್ಲಿ ನಾವೂ ಇದ್ದೇವೆ. ಆ ಎಮ್ಮೆಗಳನ್ನು ಸಾಕಿದ್ದೂ ಹಾಲಿಗೇ ಅಲ್ವಾ?

ಕೆ.ಜಿ. ಲೆಕ್ಕದಲ್ಲಿ ನನಗೆ ಇನ್ನೊಂದು ಬೇಜಾರಿದೆ. ಅದರಲ್ಲಿ ನಮ್ಮ ಊರ ತಳಿಯ ಸಣ್ಣ ದನ ಮಲೆನಾಡು ಗಿಡ್ಡ ಸೋತುಹೋಗುತ್ತದೆ. ಕೊಡುವ ಹಾಲು ಸ್ವಲ್ಪ, ಹಾಗಾಗಿ ಲೀಟರಿಗೆ ಮೀಥೇನ್ ಜಾಸ್ತಿ ಅಂತ ಕಾಣುತ್ತದೆ. ಆದರೆ ಅದು ತಿನ್ನುವುದು ಗುಡ್ಡದ ಹುಲ್ಲು, ತೋಟದ ಬದಿಯ ಹುಲ್ಲು, ಒಂದಿಷ್ಟು ಬೈಹುಲ್ಲು. ಜೋಳ, ಸೋಯಾ ಹಿಂಡಿ ತಿಂದು ಕ್ಯಾನ್ ತುಂಬಿಸುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ತಳಿ) ಕ್ರಾಸ್ ದನಕ್ಕೆ ಒಳ್ಳೆಯ ಮಾರ್ಕು ಬೀಳುತ್ತದೆ. ಗಿಡ್ಡದ ಗೊಬ್ಬರ ಅಡಿಕೆ ಬುಡಕ್ಕೆ ಹೋಗುತ್ತದಲ್ಲ, ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಂಡರು? ಕ್ರಾಸ್ ದನ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಹಟ್ಟಿಯಲ್ಲೂ ಇದೆ, ಸಾಲದ ಕಂತು ಕಟ್ಟುವುದು ಅದರ ಹಾಲಿನಿಂದಲೇ. ಅಳತೆ ಮಾತ್ರ ಸರಿಯಿಲ್ಲ.

ನಾವು ಯಾರೂ ಬಾಯಿ ಬಿಡದ ವಿಷಯ ಗಂಡು ಕರು. ದನ ಕರು ಹಾಕಿದರೆ ತಾನೆ ಹಾಲು? ಅದರಲ್ಲಿ ಹತ್ತಿರ ಹತ್ತಿರ ಅರ್ಧ ಗಂಡು. ಉಳುಮೆಗೆ ಟಿಲ್ಲರ್ ಬಂದಿದೆ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ದನ, ಹೋರಿ, ಕರು ಯಾವುದನ್ನೂ ಕಡಿಯುವಂತಿಲ್ಲ, 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಅವಕಾಶ. ಕಾನೂನು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಗಂಡು ಕರುವಿಗೆ ಮೇವು ಹಾಕುವವರು ಯಾರು ಅನ್ನುವುದು ಮಾತ್ರ ಹಾಗೆಯೇ ಉಳಿದಿದೆ. ರಾತ್ರಿ ಹೆದ್ದಾರಿಯಲ್ಲಿ ಬೈಕ್ ಓಡಿಸುವವರಿಗೆ ಇದು ಗೊತ್ತಿರುತ್ತದೆ. ಮೇವು ತಿನ್ನುತ್ತಾ, ತೇಗುತ್ತಾ, ಹಾಲೂ ಇಲ್ಲದೆ ಉಳುಮೆಯೂ ಇಲ್ಲದೆ ಇರುವ ಪ್ರಾಣಿಯನ್ನು ಯಾವ ಖಾತೆಗೆ ಬರೆಯೋಣ?

ಇದಕ್ಕೆ ಎರಡೂ ಪಾರ್ಟಿಯವರು ಒಪ್ಪಬಹುದಾದ ಒಂದು ದಾರಿ ಇದೆ. ಸೆಕ್ಸ್ಡ್ ಸೆಮೆನ್, ಅಂದರೆ ಹೆಣ್ಣು ಕರು ಹುಟ್ಟುವ ಹಾಗೆ ಬೇರ್ಪಡಿಸಿದ ವೀರ್ಯ. ಈ ಇಂಜೆಕ್ಷನ್ ಕೊಡಿಸಿದರೆ ಹುಟ್ಟುವ ಕರುಗಳಲ್ಲಿ ಸುಮಾರು 90% ಹೆಣ್ಣೇ. ಸಾಮಾನ್ಯ ಇಂಜೆಕ್ಷನ್‌ಗಿಂತ ರೇಟು ಜಾಸ್ತಿ, ಗಬ್ಬ ನಿಲ್ಲುವುದು ಸ್ವಲ್ಪ ಕಡಿಮೆ. ಆದರೂ ಬೇಡದ ಕರುವನ್ನು ಹುಟ್ಟಿಸಿ ಆಮೇಲೆ ಗೋಶಾಲೆಗೂ ರಸ್ತೆಗೂ ಬಿಡುವುದಕ್ಕಿಂತ ವಾಸಿ. ಡೆನ್ಮಾರ್ಕ್ 2030ರಿಂದ ದನದ ಮೀಥೇನ್ ಮೇಲೆ ತೆರಿಗೆ ಹಾಕಲು ಹೊರಟಿದೆ. ಒಂದೆರಡು ದನ ಸಾಕುವ ನಮಗೆ ತೆರಿಗೆ ಹಾಕಿ ಯಾರಿಗೂ ಪ್ರಯೋಜನ ಇಲ್ಲ. ಈ ಇಂಜೆಕ್ಷನ್‌ನ ಖರ್ಚಿನಲ್ಲಿ ಪಾಲು ಕೊಟ್ಟರೆ ಇದೆ.

ಹಾಗಾಗಿ ನಮ್ಮ ಸೊಸೈಟಿಗಳ ಮಹಾಸಭೆಗೆ ಹೋಗುವ ಸ್ನೇಹಿತರಲ್ಲಿ ಒಂದು ಮಾತು. ಬೋನಸ್ ಎಷ್ಟು, ಫ್ಯಾಟಿಗೆ ರೇಟು ಎಷ್ಟು ಅಂತ ಹೇಗೂ ಕೇಳುತ್ತೀರಿ. ಈ ಸಲ ಇನ್ನೆರಡು ಪ್ರಶ್ನೆ ಸೇರಿಸಿ. ನಮ್ಮ ಸೊಸೈಟಿ ವ್ಯಾಪ್ತಿಯಲ್ಲಿ ಹೋದ ವರ್ಷ ಹುಟ್ಟಿದ ಗಂಡು ಕರು ಎಷ್ಟು, ಅವು ಈಗ ಎಲ್ಲಿವೆ? ಉತ್ತರ ಸಿಕ್ಕಿದರೆ ಇಲ್ಲೇ ಕಾಮೆಂಟಿನಲ್ಲಿ ಹಾಕಿ.