ಶರೀಫರ ಅಭಿಮಾನಿಗಳಿಗೊಂದು ಸೀನಿಯಾರಿಟಿ ಲಿಸ್ಟ್

ತತ್ವಪದ ಕಟ್ಟಿ ಹಾಡಿದ ಶಿಶುನಾಳ ಶರೀಫರು ಹುಟ್ಟಿದ್ದು 1819ರಲ್ಲಿ. ತೀರಿಕೊಂಡಿದ್ದು 1889ರಲ್ಲಿ. ಅವರನ್ನು ಕಂಡುಹಿಡಿದಿದ್ದು ಮಾತ್ರ ನಮ್ಮ ಆಫೀಸಿನ ಹುಡುಗ, ಮೊನ್ನೆ ಮೊನ್ನೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ. ಪಕ್ಕದ ಆಟೋದಲ್ಲಿ ಯಾವುದೋ ಹಾಡು ಬರ್ತಿತ್ತಂತೆ. ಇವನು ಫೋನನ್ನು ಕಿಟಕಿಯಿಂದಾಚೆ ಹಿಡಿದು ಹಾಡಿನ ಹೆಸರು ಪತ್ತೆ ಮಾಡಿದ, ಡೌನ್‌ಲೋಡ್ ಮಾಡಿದ, ಕೇಳಿದ, ಕಣ್ಣಲ್ಲಿ ನೀರು ತಂದುಕೊಂಡ, ಪ್ಲೇಲಿಸ್ಟ್ ಮಾಡಿ ನಾಲ್ಕು ಜನಕ್ಕೆ ಕಳಿಸಿದ. ಇಷ್ಟೆಲ್ಲ ಆದ ಮೇಲೂ ಸಿಗ್ನಲ್ ಬಿಟ್ಟಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಸುದ್ದಿ ಹೊರಬಿತ್ತು. "ಒಬ್ರು ಸಿಂಗರ್ ಸಿಕ್ಕಿದ್ದಾರೆ. ಲಿರಿಕ್ಸ್ ಅವರದ್ದೇ, ಟ್ಯೂನೂ ಅವರದ್ದೇ. ಜಾಸ್ತಿ ಜನಕ್ಕೆ ಗೊತ್ತಿಲ್ಲ, ನೀವೂ ಯಾರಿಗೂ ಹೇಳ್ಬೇಡಿ." ಆಮೇಲೆ ದನಿ ತಗ್ಗಿಸಿ, "ಲೈವ್ ಶೋ ಬೆಂಗಳೂರಲ್ಲಿ ಯಾವಾಗ ಇರುತ್ತೆ?"

ತೀರಿಕೊಂಡು ನೂರಮೂವತ್ತು ವರ್ಷದ ಮೇಲಾಯ್ತಪ್ಪಾ ಅಂತ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆದರೆ ಆ 'ಜಾಸ್ತಿ ಜನಕ್ಕೆ ಗೊತ್ತಿಲ್ಲ' ಅನ್ನುವ ಮಾತಿಗೆ ಇಡೀ ಟೇಬಲ್ಲೇ ಎದ್ದು ನಿಂತಿತು. ಯಾಕೆಂದರೆ ಅಲ್ಲಿ ಕೂತವರೆಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಶರೀಫರನ್ನು ತಾವೇ ಮೊದಲು ಕಂಡುಹಿಡಿದವರು. ಒಬ್ಬರು 2008ರಲ್ಲಿ, ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನಲ್ಲಿ. ಮತ್ತೊಬ್ಬರು 1990ರಲ್ಲಿ, ನಾಗಾಭರಣರ ಸಿನಿಮಾದಲ್ಲಿ, ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಅವರ ಗುರು ಗೋವಿಂದ ಭಟ್ಟರಾಗಿ ನಿಂತಾಗ. ನೆರೆತ ತಲೆಯ ಮೂರನೆಯವರು ಮಾತೇ ಆಡಲಿಲ್ಲ. ಸುಮ್ನೆ ಮೊಸರನ್ನ ಕಲಸುತ್ತಾ ನಕ್ಕರು. ಅಂಥ ನಗು ಬರಬೇಕಾದರೆ ಮನೆಯಲ್ಲಿ ಸಿ. ಅಶ್ವತ್ಥ್ ಹಾಡಿದ ಶರೀಫರ ಪದಗಳ ಕ್ಯಾಸೆಟ್ ಇರಬೇಕು. ಅದರ ಟೇಪು ಒಮ್ಮೆಯಾದರೂ ಸಿಕ್ಕಿಹಾಕಿಕೊಂಡು, ಪೆನ್ಸಿಲ್ ತೂರಿಸಿ ತಿರುಗಿಸಿರಬೇಕು.

ಅವತ್ತೇ ನನಗೆ ಅನಿಸಿದ್ದು, ಸರ್ಕಾರ ಇದಕ್ಕೊಂದು ಜ್ಯೇಷ್ಠತಾ ಪಟ್ಟಿ ಮಾಡಲೇಬೇಕು ಅಂತ. ಕಂದಾಯ ಇಲಾಖೆಯಲ್ಲಿದೆ, ಶಿಕ್ಷಣ ಇಲಾಖೆಯಲ್ಲಿದೆ. ಅಭಿಮಾನಿಗಳಿಗೆ ಯಾಕಿಲ್ಲ? ಶರೀಫರನ್ನು ಮೊದಲು ಕೇಳಿದ ದಿನಾಂಕವನ್ನೇ ಸೇವೆಗೆ ಸೇರಿದ ದಿನಾಂಕ ಅಂತ ಹಿಡಿಯಬೇಕು. ರೀಲ್ಸ್ ನೋಡಿ ಬಂದವರು ಪ್ರೊಬೇಷನರಿ. ಬ್ಯಾಂಡ್ ಕೇಳಿ ಬಂದವರು ಖಾಯಂ. ಸಿನಿಮಾದವರಿಗೆ ಒಂದು ಬಡ್ತಿ. ಕ್ಯಾಸೆಟ್ಟಿನವರು ನಿವೃತ್ತಿಯ ಅಂಚಿನಲ್ಲಿದ್ದಾರೆ, ಅವರಿಗೆ ಗೌರವ ಕೊಟ್ಟು ಕೂರಿಸಿದರೆ ಸಾಕು.

ತಮಾಷೆ ಏನೆಂದರೆ, ಶರೀಫರೇ ಸೀನಿಯಾರಿಟಿ ಬಿಟ್ಟು ಎದ್ದು ಬಂದವರು. ಆ ಕಾಲದ ಮುಲ್ಕಿ ಅನ್ನುವ ಶಾಲಾ ಪರೀಕ್ಷೆ ಪಾಸು ಮಾಡಿ ಶಾಲೆ ಮಾಸ್ತರಾಗಿದ್ದರು. ಆ ನೌಕರಿ ಬಿಟ್ಟು ಕಳಸದ ಗೋವಿಂದ ಭಟ್ಟರ ಹಿಂದೆ ಹೋದರು. ಇವತ್ತು ಯಾರಾದರೂ ಮಾಸ್ತರಿಕೆ ಬಿಟ್ಟು ಪದ ಕಟ್ಟಿ ಹಾಡ್ತೀನಿ ಅಂದರೆ ಮನೆಯಲ್ಲಿ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಮಾವನವರು ಊರಿಂದ ಮೊದಲ ಬಸ್ಸಿಗೇ ಬರುತ್ತಾರೆ. ಕಾರಿನಲ್ಲಿ ಶರೀಫರ ಹಾಡು ಹಾಕಿಕೊಂಡು ಸ್ಟೇರಿಂಗ್ ಮೇಲೆ ತಾಳ ಹಾಕುವ ಮಾವನವರೇ!

ಪಟ್ಟಿಯ ಮಾತು ಹಾಗಿರಲಿ. ಕಂಡುಹಿಡಿದ ಮೇಲೆ ಅಭಿಮಾನ ಬೆಳೆಯುವ ರೀತಿ ಇದೆಯಲ್ಲ, ಅದು ಇನ್ನೂ ಚೆಂದ. ಮೊದಲು ಮಾತು ಬದಲಾಗುತ್ತದೆ. ಜಯನಗರದಲ್ಲಿ ಹುಟ್ಟಿ ಬೆಳೆದ ಹುಡುಗ ಎರಡು ಹಾಡು ಕೇಳಿದ್ದೇ ತಡ, ಖಾನಾವಳಿಗೆ ಹೋಗಿ "ಯಪ್ಪಾ, ಇನ್ನೊಂದು ರೊಟ್ಟಿ ತಾರೋ" ಅನ್ನುತ್ತಾನೆ. ಬಡಿಸುವವನು ಗದಗದ ಕಡೆಯವನು. ಬೆಂಗಳೂರಿಗೆ ಬಂದ ಮೇಲೆ ಕಷ್ಟಪಟ್ಟು ಇಲ್ಲಿನ ಮಾತು ಕಲಿತಿದ್ದಾನೆ. "ತರ್ತೀನಿ ಸಾರ್, ಒಂದ್ನಿಮಿಷ" ಅನ್ನುತ್ತಾನೆ. ಇಬ್ಬರೂ ಪರಸ್ಪರರ ಭಾಷೆಯಲ್ಲಿ ಊಟ ಮುಗಿಸುತ್ತಾರೆ.

ಆಮೇಲೆ ಜೀವನದ ಎಲ್ಲ ಸಂದರ್ಭಕ್ಕೂ ಶರೀಫರು ಬೇಕಾಗುತ್ತಾರೆ. ಮಳೆ ಬಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ತುಂಬಿ ಕಾರು ತೇಲಿದರೆ 'ಸೋರುತಿಹುದು ಮನೆಯ ಮಾಳಿಗಿ.' ಆ ಹಾಡಿನಲ್ಲಿ ಮಾಳಿಗೆ ಸೋರುವುದು ಅಜ್ಞಾನದಿಂದ ಅಂತ ಮುಂದಿನ ಮಾತಿನಲ್ಲೇ ಹೇಳಿದ್ದಾರೆ. ರೀಲ್ ಅಷ್ಟರಲ್ಲಿ ಕಟ್ ಆಗಿರುತ್ತದೆ. ಒಳ್ಳೆಯದೇ ಆಯ್ತು. ಕೆರೆಯ ಮೇಲೆ ಮನೆ ಕಟ್ಟಿದವರಿಗೂ, ಅದಕ್ಕೆ ಪ್ಲಾನ್ ಮಂಜೂರು ಮಾಡಿದವರಿಗೂ ಸುಮ್ನೆ ಯಾಕೆ ಬೇಜಾರು?

ಗುಡುಗುಡಿಯ, ಅಂದರೆ ಹುಕ್ಕಾದ, ಹಾಡಿನದಂತೂ ದೊಡ್ಡ ಕಥೆ. ಮನಸ್ಸೆಂಬ ಸಂಚಿ ಬಿಚ್ಚು, ಮೋಹವನ್ನು ಕೊಚ್ಚಿ ಚಿಲುಮೆಗೆ ಹಾಕಿ ಸುಡು ಅಂತ ಆ ಪದದ ಒಳಗಿನ ಮಾತು. ಒಳಗಿನ ಮಾತಿಗೆ ಹೋಗುವಷ್ಟು ಪುರುಸೊತ್ತು ಯಾರಿಗಿದೆ? ಎಷ್ಟೋ ಜನ ಅಭಿಮಾನಿಗಳು ಅದನ್ನು ಹುಕ್ಕಾ ಬಾರಿನಲ್ಲಿ ಕೂತು, ಹೊಗೆಯ ಉಂಗುರ ಬಿಡುತ್ತಾ ಭಕ್ತಿಯಿಂದಲೇ ಕೇಳಿದರು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾ ನಿಷೇಧ ಮಾಡಿತು. ಆಗ ಒಬ್ಬ ಗೆಳೆಯ ನಿಜವಾಗಿಯೂ ಕಳವಳದಿಂದ ಕೇಳಿದ, "ಹಾಡೂ ಬ್ಯಾನ್ ಆಗುತ್ತಾ?" ಇಲ್ಲ ಮಾರಾಯ, ಹಾಡಿನ ಅರ್ಥ ಯಾರಿಗೂ ಗೊತ್ತಾಗದಿದ್ದರೆ ಬ್ಯಾನ್ ಮಾಡಲಿಕ್ಕೆ ಬರುವುದಿಲ್ಲ ಅಂತ ಸಮಾಧಾನ ಮಾಡಿದೆ.

ಮದುವೆ ವಿಡಿಯೋದವರು 'ಅಳಬೇಡ ತಂಗಿ' ಹಿಡಿದುಕೊಂಡಿದ್ದಾರೆ. ಮದುಮಗಳು ಕಾರು ಹತ್ತುವಾಗ, ಮೇಲೆ ಡ್ರೋನ್ ಹಾರುವಾಗ, ಹಿಂದೆ ಆ ಹಾಡು. ಕಳಿಸಲು ಬಂದವರು ಯಾರೂ ನಿನ್ನನ್ನು ಇಲ್ಲಿ ಉಳಿಸಿಕೊಳ್ಳುವವರಲ್ಲ ಅನ್ನುತ್ತದೆ ಆ ಪದ. ತತ್ವಪದ ಬಲ್ಲವರು, ಇದು ಜೀವ ಈ ಲೋಕದ ತವರು ಬಿಟ್ಟು ಹೊರಡುವ ಮಾತು ಅನ್ನುತ್ತಾರೆ. ಅಂದರೆ ಮದುಮಗಳನ್ನು ನಾವು ಗಂಡನ ಮನೆಗಿಂತ ಇನ್ನೂ ಸ್ವಲ್ಪ ದೂರಕ್ಕೇ ಕಳಿಸುತ್ತಿದ್ದೇವೆ. ಅತ್ತೆ ಮನೆಯವರೂ ಆ ಹಾಡಿಗೆ ಕಣ್ಣೊರೆಸಿಕೊಂಡರು. ವಿಡಿಯೋದವನಿಗೆ ಐದು ಸ್ಟಾರ್ ಕೊಟ್ಟರು.

ಇನ್ನು ಕಾರ್ಯಕ್ರಮಗಳು. 'ಕೋಡಗನ ಕೋಳಿ ನುಂಗಿತ್ತ' ಪದದಲ್ಲಿ ಚಿಕ್ಕದು ದೊಡ್ಡದನ್ನು ನುಂಗುತ್ತಾ ಹೋಗುತ್ತದೆ ಅಲ್ವಾ? ಆಡು ಆನೆಯನ್ನು ನುಂಗುತ್ತದೆ. ಆಡಲು ಬಂದ ಪಾತರದವಳನ್ನು, ಅಂದರೆ ಕುಣಿಯುವವಳನ್ನು, ಬಾರಿಸುವ ಮದ್ದಲಿ ನುಂಗುತ್ತದೆ. ಕೊನೆಗೆ ಗೋವಿಂದ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. ಇದರಲ್ಲಿ ಮದ್ದಲಿಯ ಸಾಲು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಒಂದು ಕಾಲೇಜ್ ಫೆಸ್ಟಿನ ಫ್ಯೂಷನ್ ಕಾರ್ಯಕ್ರಮದಲ್ಲಿ ಕಣ್ಣಾರೆ ಕಂಡೆ. ಹಾಡುವವನ ಬಾಯಿ ಅಲ್ಲಾಡುತ್ತಿತ್ತು, ಕೇಳಿಸುತ್ತಿದ್ದದ್ದು ಡ್ರಮ್ ಮಾತ್ರ. ತಂಬೂರಿಗೆ ಸ್ವರ ಬಾರದೆ ಬಾರಿಸಬೇಡ ಅಂತ ಶರೀಫರು ಇನ್ನೊಂದು ಪದದಲ್ಲಿ ಬೇಡಿಕೊಂಡಿದ್ದಾರೆ. ಆ ಪದವನ್ನೂ ಅವತ್ತು ಅದೇ ಡ್ರಮ್ಮಿನ ಜೊತೆ ಹಾಡಿದರು.

ಸೀನಿಯರ್ ಅಭಿಮಾನಿಗಳಿಗೆ ಇದೆಲ್ಲ ಸಹಿಸುವುದಿಲ್ಲ. ಅವರದು ಒಂದೇ ಹಟ, "ಒರಿಜಿನಲ್ ಕೇಳಿ." ಯಾವ ಒರಿಜಿನಲ್ ಸ್ವಾಮಿ? ಭಾರತದಲ್ಲಿ ಗ್ರಾಮಫೋನ್ ರೆಕಾರ್ಡಿಂಗ್ ಶುರುವಾಗಿದ್ದೇ 1902ರಲ್ಲಿ. ಅಷ್ಟೊತ್ತಿಗೆ ಶರೀಫರು ಹೋಗಿ ಹದಿಮೂರು ವರ್ಷ ಆಗಿತ್ತು. ಅವರ ದನಿ ಹೇಗಿತ್ತು ಅಂತ ಇವತ್ತು ಬದುಕಿರುವ ಯಾರಿಗೂ ಗೊತ್ತಿಲ್ಲ. ಆದರೂ ಬ್ಯಾಂಡಿನವರು ಹಾಡಿದ್ದು ಕೇಳಿ ಸಿನಿಮಾದವರು, "ಶರೀಫರು ಹೀಗೆ ಹಾಡ್ತಿರಲಿಲ್ಲ" ಅನ್ನುತ್ತಾರೆ. ಸಿನಿಮಾಗೆ ಸಂಗೀತ ಕೊಟ್ಟವರೂ ಅಶ್ವತ್ಥರೇ. ಕ್ಯಾಸೆಟ್ಟಿನವರು ಅದನ್ನೂ ಒಪ್ಪುವುದಿಲ್ಲ. ಕ್ಯಾಸೆಟ್ಟಿನ ಅಶ್ವತ್ಥ್ ಬೇರೆ, ಸಿನಿಮಾದ ಅಶ್ವತ್ಥ್ ಬೇರೆ ಅನ್ನುತ್ತಾರೆ. ಕೇಳಿದ ಮನುಷ್ಯ ಗಾಬರಿಯಾಗಬೇಕು.

ಓದಿಕೊಂಡ ಅಭಿಮಾನಿಗಳದು ಬೇರೆ ಕಾಯಿಲೆ. ಅವರಿಗೆ ಹೋಲಿಕೆ ಇಲ್ಲದೆ ಪ್ರೀತಿ ಬರುವುದಿಲ್ಲ. ಹಿಂದೆ 'ಕರ್ನಾಟಕದ ಕಬೀರ' ಅನ್ನುತ್ತಿದ್ದರು. ಈಗ 'ನಮ್ಮ ಬಾಬ್ ಡಿಲನ್' ಶುರುವಾಗಿದೆ. ಡಿಲನ್ ಹುಟ್ಟಿದ್ದು 1941ರಲ್ಲಿ, ಶರೀಫರು ತೀರಿಕೊಂಡ 52 ವರ್ಷದ ನಂತರ. ಸೀನಿಯಾರಿಟಿ ಪ್ರಕಾರ ಡಿಲನ್ನರನ್ನೇ 'ಅಮೆರಿಕದ ಶರೀಫ' ಅನ್ನಬೇಕು. 2016ರಲ್ಲಿ ಡಿಲನ್ನರಿಗೆ ನೊಬೆಲ್ ಬಂದಾಗ ಈ ಓದಿಕೊಂಡವರು, ಹಾಡು ಕಟ್ಟುವವರಿಗೂ ಸಾಹಿತ್ಯದ ಪ್ರಶಸ್ತಿಯಾ ಅಂತ ವಾರಗಟ್ಟಲೆ ಚರ್ಚೆ ಮಾಡಿದರು. ವಚನ, ಕೀರ್ತನೆ, ತತ್ವಪದ ಪಾಠದಲ್ಲಿ ಓದಿ, ಅದಕ್ಕೇ ಮಾರ್ಕ್ಸ್ ತಗೊಂಡು ಪಾಸಾದವರು ಇವರು.

ಅಭಿಮಾನ ಇಷ್ಟು ಜೋರಾಗಿದ್ದರೂ ಊರಿಗೆ ಮಾತ್ರ ಯಾರೂ ಹೋಗುವುದಿಲ್ಲ. ಶಿಶುನಾಳ ಇರುವುದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿ. ಬೆಂಗಳೂರಿನ ಹುಡುಗರು ಹುಬ್ಬಳ್ಳಿ ಮೇಲೆ ಗೋವಾಕ್ಕೆ ಹೋಗುವಾಗ ಹೆದ್ದಾರಿ ಶಿಗ್ಗಾಂವಿಯನ್ನು ಹಾದೇ ಹೋಗುತ್ತದೆ. ಕಾರಿನಲ್ಲಿ ಶರೀಫರ ಪದವೇ ಇರುತ್ತದೆ, ಫುಲ್ ವಾಲ್ಯೂಮ್. ಶಿಗ್ಗಾಂವಿ ಬೋರ್ಡ್ ಬಂದಾಗ ಒಬ್ಬ ಕೇಳುತ್ತಾನೆ, "ಇಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗುತ್ತೋ?"

ಜಯಂತಿ ಕಾರ್ಯಕ್ರಮಕ್ಕೆ ಮಾತ್ರ ಎಲ್ಲರೂ ಹಾಜರು. ಫ್ಲೆಕ್ಸಿನ ತುಂಬ ಶುಭ ಕೋರುವವರ ಮುಖಗಳು, ಮೂಲೆಯಲ್ಲಿ ಸ್ಟಾಂಪ್ ಸೈಜಿನ ಶರೀಫರು. ಗೋವಿಂದ ಭಟ್ಟರು ಮುಸ್ಲಿಂ ಹುಡುಗನನ್ನು ಶಿಷ್ಯ ಅಂದಿದ್ದಕ್ಕೆ ಆ ಕಾಲದಲ್ಲಿ ಎರಡೂ ಕಡೆಯವರು ಸಿಟ್ಟಾಗಿದ್ದರು. ಭಟ್ಟರು ಜನಿವಾರ ಹಾಕಿದ್ದನ್ನು ಶರೀಫರು ಹಾಡಾಗಿಯೇ ಹಾಡಿದರು. ತೀರಿಕೊಂಡ ಮೇಲೆ ಎರಡೂ ಸಮಾಜದವರು ತಮ್ಮ ತಮ್ಮ ಪದ್ಧತಿಯಂತೆ ಕ್ರಿಯೆ ಮಾಡಿದರು ಅನ್ನುತ್ತಾರೆ. ಭಾಷಣದಲ್ಲಿ ಇದೆಲ್ಲ ಬರುತ್ತದೆ, ಗಂಟಲು ಗದ್ಗದವೂ ಆಗುತ್ತದೆ. ಕೆಳಗಿಳಿದು ಬಂದ ಭಾಷಣಕಾರರು ಪಕ್ಕದವರ ಕಿವಿಯಲ್ಲಿ ಕೇಳುತ್ತಾರೆ, "ಆ ಹಾಡೋ ಹುಡುಗ ಯಾವ ಪೈಕಿ?" ಸನ್ಮಾನಕ್ಕೆ ಎರಡು ಗಂಟೆ, ಶಾಲು ಸಾಲದೆ ಮತ್ತೆ ತರಿಸಿದ್ದಕ್ಕೆ ಅರ್ಧ ಗಂಟೆ, ಹಾಡಿಗೆ ಹತ್ತು ನಿಮಿಷ.

ನಮ್ಮ ಆಫೀಸಿನ ಟೇಬಲ್ಲಿನ ಜಗಳ ಕೊನೆಗೊಂದು ಸಮಿತಿಯಾಗಿ ಬೆಳೆದು, ಅಭಿಮಾನಿ ಸಂಘವೇ ಆಯಿತು. ಅರ್ಜಿ ನಮೂನೆ ಅಚ್ಚಾಯಿತು. ಕಂಡುಹಿಡಿದ ದಿನಾಂಕ, ಸ್ಥಳ, ಮಾಧ್ಯಮ, ಇಬ್ಬರು ಸಾಕ್ಷಿಗಳ ಸಹಿ. ಹಾವೇರಿ ಕಡೆಯ ಒಂದು ಭಜನಾ ಮೇಳದ ಅರ್ಜಿಯೂ ಬಂತು. ಅವರು ಅಮಾವಾಸ್ಯೆಗೆ ಗುಡಿಯಲ್ಲಿ ಪೇಟಿ, ತಬಲಾ, ದಮ್ಮಡಿ ಇಟ್ಟುಕೊಂಡು ಬೆಳಗಾಗುವ ತನಕ ಶರೀಫರ ಪದ ಹಾಡುವವರು. ಅರ್ಜಿಯಲ್ಲಿ ದಿನಾಂಕದ ಜಾಗ ಖಾಲಿ ಇತ್ತು. ಸಮಿತಿಯವರು ಫೋನ್ ಮಾಡಿ ಮೇಳದ ಹಿರಿಯರನ್ನು ಕೇಳಿದರು, "ಅಜ್ಜಾ, ನೀವು ಶರೀಫರನ್ನು ಫಸ್ಟ್ ಟೈಮ್ ಕೇಳಿದ್ದು ಯಾವಾಗ?"

"ಅಪ್ಪ ಹಾಡತಿದ್ದ್ರೀ, ಅವರಪ್ಪನೂ ಹಾಡತಿದ್ದ. ತಾರೀಕು ಯಾರು ಬರದಿಟ್ಟಾರ್ರೀ? ಬಿತ್ತಿಗಿ ನಡದೈತಿ, ಮುಗದ ಮ್ಯಾಲ ಫೋನ್ ಮಾಡ್ರಿ."

ಸಮಿತಿ ಒಂದು ಗಂಟೆ ಚರ್ಚಿಸಿತು. ದಾಖಲೆ ಇಲ್ಲ, ಸಾಕ್ಷಿ ಇಲ್ಲ, ಅರ್ಜಿದಾರರು ಶರೀಫರನ್ನು ಕಂಡುಹಿಡಿದಿರುವುದು ಸಾಬೀತಾಗಿಲ್ಲ. ಅರ್ಜಿ ತಿರಸ್ಕೃತ. ಆದರೆ ಮೇಳದವರ ಹಾಡಿನಲ್ಲಿ ಒಂಥರಾ ರಾ ಫೀಲ್ ಇದೆ ಅಂತ ಸಿಲ್ಕ್ ಬೋರ್ಡಿನ ಹುಡುಗ ಶಿಫಾರಸು ಮಾಡಿದ್ದರಿಂದ, ಸಂಘದ ಉದ್ಘಾಟನೆಗೆ ಪ್ರಾರ್ಥನೆ ಗೀತೆ ಹಾಡಲು ಅವರಿಗೆ ಅವಕಾಶ ಕೊಡಲಾಗಿದೆ. ಸಂಭಾವನೆ ಇಲ್ಲ, ಬಸ್ ಚಾರ್ಜ್ ಅವರದೇ. ಪ್ರಮಾಣಪತ್ರ ಕೊಡುತ್ತೇವೆ. ಮೂರು ನಿಮಿಷದೊಳಗೆ ಮುಗಿಸಬೇಕು, ಆಮೇಲೆ ಡ್ರಮ್ ಸೆಟ್ ಮಾಡಬೇಕು.