ಕಚ್ಚಿದರೆ ಯಾವ ಆಸ್ಪತ್ರೆ?

ಇಂಗ್ಲೆಂಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಮನೆಗೆ ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ, "ನಿಮ್ಮ ದೇಶದ್ದೊಂದು ಜೀವ ಮೇಲಿನ ಕೋಣೆಯಲ್ಲಿದೆ, ನೋಡ್ತೀರಾ?" ಎಂದರು. ಹೋಗಿ ನೋಡಿದರೆ ಗಾಜಿನ ಆಚೆ ನಾಗರಹಾವು. ನನ್ನ ಹೆಂಡತಿಯ ಕೈ ತಾನಾಗಿಯೇ ಮುಗಿಯಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಹಾವಲ್ಲ, ಆ ಕೋಣೆಯ ಬಾಗಿಲ ಹೊರಗೆ ಅಂಟಿಸಿದ್ದ ಒಂದು ಹಾಳೆ. ಒಳಗಿರುವುದು ಯಾವ ಹಾವು, ಅದರ ಶಾಸ್ತ್ರೀಯ ಹೆಸರೇನು, ಕಚ್ಚಿದರೆ ಯಾವ ಪ್ರತಿವಿಷ ಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು, ಆಂಬುಲೆನ್ಸಿನವರಿಗೆ ಮೊದಲು ಏನು ಹೇಳಬೇಕು, ಮನೆಯವನಿಗೆ ಯಾವ ಔಷಧ ಆಗಿಬರುವುದಿಲ್ಲ, ಎಲ್ಲವೂ ದಪ್ಪ ಅಕ್ಷರದಲ್ಲಿತ್ತು. ಪ್ರಜ್ಞೆ ತಪ್ಪಿ ಬಿದ್ದವನು ಮಾತಾಡಲಾರ, ಅವನ ಪರವಾಗಿ ಹಾಳೆ ಮಾತಾಡಬೇಕು ಎಂದು ಆತ ವಿವರಿಸಿದರು. ಹಾವನ್ನು ಆತ ಕೈಯಲ್ಲಿ ಮುಟ್ಟುವುದೇ ಇಲ್ಲ. ಪೆಟ್ಟಿಗೆ ತೊಳೆಯುವಾಗ ಉದ್ದನೆಯ ಕೊಕ್ಕೆಯಿಂದ ಅದನ್ನು ಪಕ್ಕದ ಚಿಕ್ಕ ಪೆಟ್ಟಿಗೆಗೆ ಸರಿಸಿ, ಬೀಗ ಹಾಕಿ, ಆಮೇಲೆ ಮುಂದಿನ ಕೆಲಸ. ಮನೆಯಲ್ಲಿ ಇನ್ನೊಬ್ಬರು ಇಲ್ಲದಿದ್ದರೆ ಆ ಕೋಣೆಯ ಬೀಗವನ್ನೇ ತೆಗೆಯುವುದಿಲ್ಲ.

ಇಲ್ಲಿನ ಕಾನೂನು 1976ರದು. ಅದಕ್ಕೆ ಮೊದಲು ಲಂಡನ್ನಿನ ಅಂಗಡಿಯಲ್ಲಿ ಸಿಂಹದ ಮರಿಯನ್ನೇ ಕೊಂಡು ಮನೆಗೆ ತಂದವರಿದ್ದರು. ಅಂಥ ಶೋಕಿ ಹೆಚ್ಚಿದಾಗ ಅಪಾಯಕಾರಿ ಕಾಡುಪ್ರಾಣಿಗಳ ಕಾಯ್ದೆ ಬಂತು. ನಾಗರಹಾವನ್ನು ಸಾಕಬೇಕಾದರೆ ಸ್ಥಳೀಯ ಕೌನ್ಸಿಲ್‌ನಿಂದ ಲೈಸೆನ್ಸ್ ಪಡೆಯಬೇಕು. ಅರ್ಜಿದಾರನ ಖರ್ಚಿನಲ್ಲೇ ಪಶುವೈದ್ಯರು ಬಂದು ಮನೆ ನೋಡುತ್ತಾರೆ. ಪೆಟ್ಟಿಗೆಯಿಂದ ತಪ್ಪಿಸಿಕೊಳ್ಳಲು ಸಂದಿಯಿದೆಯೇ, ಹರಿದಾಡಲು ಜಾಗ ಸಾಲುತ್ತದೆಯೇ, ಮನೆಗೆ ಬೆಂಕಿ ಬಿದ್ದರೆ ಹಾವಿನ ಗತಿಯೇನು, ಅದನ್ನೂ ಕೇಳುತ್ತಾರೆ. ಬೇರೆಯವರಿಗೆ ಹಾನಿಯಾದರೆ ಪರಿಹಾರ ಕೊಡಲು ವಿಮೆ ಕಡ್ಡಾಯ. ಲೈಸೆನ್ಸಿನಲ್ಲಿ ಹೆಸರಿರುವವರನ್ನು ಬಿಟ್ಟು ಬೇರೆಯವರು ಸಾಕುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಇದೆಲ್ಲ ಮತ್ತೆ ಮೊದಲಿನಿಂದ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾಕುವ ಮಾತೇ ಇಲ್ಲ. ನಾಗರಹಾವನ್ನು ಹಿಡಿದಿಟ್ಟುಕೊಂಡರೆ ಮೂರರಿಂದ ಏಳು ವರ್ಷದವರೆಗೆ ಜೈಲಾಗಬಹುದು. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕಾಣುತ್ತಿದ್ದ ಹಾವಾಡಿಗರ ಬುಟ್ಟಿ ಈಗ ಕಾಣದಿರುವುದಕ್ಕೆ ಆ ಕಾನೂನೂ ಕಾರಣ. ವಿಷದ ಹಲ್ಲು ಕಿತ್ತ ಹಾವುಗಳು ಬಾಯಿ ಕೊಳೆತು ಸಾಯುತ್ತಿದ್ದವು. ಅದು ನಿಂತದ್ದು ಒಳ್ಳೆಯದೇ ಆಯಿತು.

ನನ್ನ ಸಿಟ್ಟು ಅದರ ಮೇಲಲ್ಲ. ಹಿಂದಿನ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ತಮ್ಮನ ಮನೆಯ ಬಚ್ಚಲ ಕಟ್ಟಿಗೆ ರಾಶಿಯಲ್ಲಿ ನಾಗರಹಾವು ಕಂಡಿತು. ಫೋನ್ ಮಾಡಿದ್ದಕ್ಕೆ ಹಾವು ಹಿಡಿಯುವ ಹುಡುಗ ಬೈಕಿನಲ್ಲಿ ಬಂದ. ಕೊಕ್ಕೆಯಿಲ್ಲ, ಬೂಟಿಲ್ಲ. ಬರಿಗೈಯಲ್ಲಿ ಬಾಲ ಹಿಡಿದೆಳೆದು ಅಂಗಳಕ್ಕೆ ತಂದು, ಹೆಡೆ ಎತ್ತಿಸಿ, ಅಕ್ಕಪಕ್ಕದವರ ಮೊಬೈಲುಗಳಿಗೆ ಬೇಕಾದಷ್ಟು ಹೊತ್ತು ಆಡಿಸಿದ. ಮಕ್ಕಳನ್ನು ಹತ್ತಿರ ಕರೆದು ಮೈ ಮುಟ್ಟಿಸಿದ. ಪ್ಲಾಸ್ಟಿಕ್ ಡಬ್ಬಿಗೆ ತುಂಬಿಕೊಂಡು ಹೋದವನು ಅದನ್ನು ಎಲ್ಲಿ ಬಿಟ್ಟನೋ ನಮಗೆ ಗೊತ್ತಿಲ್ಲ. ಎರಡು ದಿನ ಬಿಟ್ಟು ಹತ್ತಿರದ ಶಾಲೆಯೊಂದರಲ್ಲಿ ಅವನು ನಾಗರಹಾವು ತೋರಿಸಿದನಂತೆ. ಅದೇ ಹಾವೋ, ಬೇರೆಯದೋ. ಸಾಕುವುದು ಅಪರಾಧವಾದರೆ ಆ ಡಬ್ಬಿಯಲ್ಲಿದ್ದ ದಿನಗಳನ್ನು ಏನೆಂದು ಕರೆಯಬೇಕು? ಯಾರೂ ಕೇಳಲಿಲ್ಲ.

ಅಂದು ಸಂಜೆ ತಮ್ಮನನ್ನು ಕೇಳಿದೆ, "ಅಂಗಳದಲ್ಲಿ ಅವನಿಗೆ ಕಚ್ಚಿದ್ದಿದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತಿದ್ರಿ?"

"ಅವನಿಗೆ ಕಚ್ಚಲ್ಲ ಬಿಡಣ್ಣ. ಅವನ ಅಜ್ಜನ ಕಾಲದಿಂದ್ಲೂ ಮಂತ್ರ ಇದೆ ಅವರ ಮನೇಲಿ."

"ಮಕ್ಕಳಿಗೆ ಕಚ್ಚಿದ್ದಿದ್ರೆ?"

ತಮ್ಮ ಸುಮ್ಮನಾದ. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ಇಂಜೆಕ್ಷನ್ ಇದೆಯೇ, ರಾತ್ರಿ ಡಾಕ್ಟರು ಇರುತ್ತಾರೆಯೇ ಎಂಬುದು ಅವನಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ನಾಟಿ ಮದ್ದು ಕೊಡುವವರ ಮನೆ ಮಾತ್ರ ಎಲ್ಲರಿಗೂ ಗೊತ್ತಿತ್ತು.

ನನಗೆ ತಡೆಯಲಾಗದ್ದು ಇದೇ. ಕಾಡಿನಲ್ಲಿ ಒಂದೇ ಒಂದು ವಿಷದ ಹಾವಿನ ಜಾತಿ ಇರುವ ದೇಶ ಬ್ರಿಟನ್. ಆ ಹಾವು ಕಚ್ಚಿ ಇಲ್ಲಿ ಕೊನೆಯ ಸಾವಾದದ್ದು 1975ರಲ್ಲಿ. ಆದರೂ ಕಚ್ಚಿದರೆ ಏನು ಮಾಡುವುದು ಎಂದು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆಂದು ಅಂದಾಜು. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಕೆಲಸ ಮಾಡುತ್ತದೆ. ಹಾವು ಯಾವುದೆಂದು ಗುರುತಿಸುತ್ತ ಕೂರಬೇಕಾಗಿಲ್ಲ, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ಸಾಕು. ಮಂತ್ರ ಹಾಕಿಸಿ, ಬೇರು ಅರೆದು ಕುಡಿಸಿ, ಹಗ್ಗ ಬಿಗಿದು, ಬೆಳಗಾಗಲಿ ಎಂದು ಕಾಯುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ.

ಅಮ್ಮನಿಗೆ ಇಲ್ಲಿನ ಆ ಕೋಣೆಯ ಸಂಗತಿ ಹೇಳಿದಾಗ ಅವಳಿಗೆ ಸರಿ ಬರಲಿಲ್ಲ. "ದೇವರನ್ನ ಪೆಟ್ಟಿಗೇಲಿ ಕೂಡಿ ಹಾಕೋದೇನೋ? ಅವರಿಗೆ ಮನೆ ಮಠ ಇಲ್ವಾ?" ಎಂದಳು. ಅವಳು ಪಂಚಮಿಗೆ ತಪ್ಪದೆ ತನಿ ಎರೆಯುವವಳು. ನಾಗರಕಟ್ಟೆಯ ಮರದ ಒಣಗಿದ ಟೊಂಗೆಯನ್ನೂ ಒಲೆಗೆ ಹಾಕಿದವಳಲ್ಲ. ಆ ಭಕ್ತಿಯಿಂದಲೇ ನಮ್ಮ ಕಡೆ ಎಷ್ಟೋ ಹಾವುಗಳು, ಎಷ್ಟೋ ಬನಗಳು ಉಳಿದಿವೆ. ಆದರೆ ದೇವರು ಅಂದುಕೊಂಡ ಕೂಡಲೇ ಉಳಿದ ಪ್ರಶ್ನೆಗಳೆಲ್ಲ ನಿಂತುಹೋಗುತ್ತವೆ. ಕಚ್ಚಿದರೆ ಹರಕೆ ತಪ್ಪಿದೆ, ದೋಷವಿದೆ ಎನ್ನುತ್ತೇವೆ. ಹಿಡಿಯುವವನು ಬದುಕಿದರೆ ಅವನ ಮೇಲೆ ನಾಗನ ಕೃಪೆ ಇದೆ ಎನ್ನುತ್ತೇವೆ. ಅವನು ಸತ್ತಾಗ ಎರಡು ದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ನೂರಾರು ಹಾವು ಹಿಡಿದವರು ಎಂದು ಹೊಗಳುತ್ತಾರೆ. ಅವನ ಹೆಂಡತಿ ಮಕ್ಕಳಿಗೆ ವಿಮೆ ಇತ್ತೇ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಲೆಕ್ಕ ಇಡುವುದು ನಮ್ಮವರಿಗೆ ಬಾರದ ವಿದ್ಯೆಯೂ ಅಲ್ಲ. ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ, ಹಾವು ಹಿಡಿಯುವುದರಲ್ಲಿ ಪಳಗಿದ ಬುಡಕಟ್ಟಿನವರಾದ ಇರುಳರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘವಿದೆ. ಔಷಧಕ್ಕಾಗಿ ವಿಷ ತೆಗೆಯಲು ಕಾನೂನೇ ಅವಕಾಶ ಕೊಟ್ಟಿದೆ. ಅವರು ಅನುಮತಿ ಪಡೆದು ಹಾವು ಹಿಡಿಯುತ್ತಾರೆ, ಮಣ್ಣಿನ ಮಡಕೆಯಲ್ಲಿ ಕೆಲವು ವಾರ ಇಟ್ಟುಕೊಂಡು ವಿಷ ತೆಗೆಯುತ್ತಾರೆ, ಗುರುತು ಹಾಕಿ ಮತ್ತೆ ಕಾಡಿಗೆ ಬಿಡುತ್ತಾರೆ. ಇಂಥದ್ದೇ ಶಿಸ್ತು ನಮ್ಮ ತಾಲ್ಲೂಕಿನ ಹಾವು ಹಿಡಿಯುವ ಹುಡುಗರಿಗೆ ಯಾಕೆ ಆಗಬಾರದು? ಅರಣ್ಯ ಇಲಾಖೆಯ ಗುರುತಿನ ಚೀಟಿ, ಒಂದು ಕೊಕ್ಕೆ, ಒಂದು ಜೊತೆ ಬೂಟು, ಹಾವು ಹಿಡಿದ ಜಾಗ ಮತ್ತು ಬಿಟ್ಟ ಜಾಗ ಬರೆಯುವ ಪುಸ್ತಕ, ಜೇಬಿನಲ್ಲಿ ಆಸ್ಪತ್ರೆಯ ಹೆಸರಿರುವ ಚೀಟಿ. ಮಕ್ಕಳ ಕೈಗೆ ಹಾವು ಕೊಟ್ಟರೆ ಗುರುತಿನ ಚೀಟಿ ವಾಪಸ್.

ಇಷ್ಟು ಹೇಳಿದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಲೇಬೇಕು. ಕರ್ನಾಟಕ ಕೈಕಟ್ಟಿ ಕೂತಿಲ್ಲ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂದು 2024ರ ಫೆಬ್ರುವರಿಯಲ್ಲಿ ಆದೇಶವಾಯಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಇಂಗ್ಲೆಂಡಿನಲ್ಲಿ ಎಲ್ಲರೂ ನನ್ನ ಸಹೋದ್ಯೋಗಿಯ ಹಾಗಿಲ್ಲ, ಲೈಸೆನ್ಸ್ ಇಲ್ಲದೆ ಗುಟ್ಟಾಗಿ ಸಾಕುವವರೂ ಇದ್ದಾರೆ. ಆ ಬಾಗಿಲ ಹಾಳೆಯಲ್ಲಿ ಹೆಸರಿಸಿದ್ದ ಪ್ರತಿವಿಷ ತಯಾರಾಗುವುದು ಭಾರತದಲ್ಲಿ. ಅಲ್ಲಿ ಮಡಕೆಗಳ ಮುಂದೆ ಕೂತು ಪ್ರಾಣ ಒತ್ತೆಯಿಟ್ಟು ವಿಷ ತೆಗೆದವರ ದುಡಿಮೆ ಇಲ್ಲದಿದ್ದರೆ ಇಲ್ಲಿನ ಹಾಳೆಗೆ ಬೆಲೆಯಿಲ್ಲ. ಇಲ್ಲಿನಂತೆ ನಮ್ಮಲ್ಲೂ ಸಾಕಲು ಬಿಡಿ ಎಂದು ನಾನು ಕೇಳುವುದಿಲ್ಲ. ಬಿಟ್ಟರೆ ನಮ್ಮ ಕಾಡಿನ ಕಾಳಿಂಗಗಳೆಲ್ಲ ಯಾರದೋ ಬಂಗಲೆಯ ಗಾಜಿನ ಪೆಟ್ಟಿಗೆ ಸೇರುತ್ತವೆ. ಆ ವಿಷಯದಲ್ಲಿ ಅಮ್ಮನ ಮಾತೇ ಸರಿ.

ಮತ್ತೊಂದು ಮಾತನ್ನು ತಮ್ಮನೇ ಹೇಳಿದ. ಇಂಗ್ಲೆಂಡಿನವರು ಹಾವನ್ನು ಬೇಕೆಂದು ಮನೆಗೆ ತರುತ್ತಾರೆ. ಅವನು ಕತ್ತಲೆಯಲ್ಲಿ ತೋಟಕ್ಕೆ ನೀರು ಬಿಡಲು ಹೋಗುವಾಗ ಯಾರ ಅನುಮತಿಯನ್ನೂ ಕೇಳದೆ ಹಾವು ಅವನ ದಾರಿಗೆ ಬರುತ್ತದೆ. ಕೆಸರಿನಲ್ಲಿ ಗಂಬೂಟು ಹಾಕಿಕೊಂಡು ದಿನವಿಡೀ ದುಡಿದು ನೋಡು, ಆಮೇಲೆ ಬುದ್ಧಿ ಹೇಳು ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ರಾತ್ರಿ ಹೊತ್ತಿನಲ್ಲಿ ಪ್ರತಿವಿಷ ಎಲ್ಲಿ ಸಿಗುತ್ತದೆಂದು ವಿಚಾರಿಸಿ, ಆ ಆಸ್ಪತ್ರೆಯ ಹೆಸರು, ಫೋನ್ ನಂಬರ್ ಬರೆದು ಬಚ್ಚಲ ಬಾಗಿಲಿಗೆ ಅಂಟಿಸು ಎಂದೆ. ಆಯ್ತು ಅಂದಿದ್ದಾನೆ, ಇನ್ನೂ ಅಂಟಿಸಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಲೇ ಇದ್ದೇನೆ.